ನಡುವೆ ನಿಂತವನು ಯಾರು ಎಂದು ಕೇಳೋಣ

"ಅಬ್ಬಾ, ಇದಕ್ಕೆ ಡ್ರೈವರ್ ಬೇಕು" ಎಂದೆ. ಬಿಲ್ ಪುಸ್ತಕದಿಂದ ತಲೆ ಎತ್ತದೆ ಅಬ್ಬ ಕೇಳಿದರು, "ಯಾವ ಗಾಡಿಗೆ?" ಮನೆಯವರೆಲ್ಲ ನಕ್ಕೆವು. ಎರಡೇ ದಿನಕ್ಕೆ ಆ ನಗು ನಿಂತುಹೋಯಿತು.

ನಡೆದದ್ದು ಇಷ್ಟು. ದುಬೈಯಿಂದ ರಜೆಗೆ ಬಂದಿದ್ದ ಮಾಮೂ ಮಗನ ಪ್ಲೇಸ್ಟೇಷನ್ 4 ಕೆಟ್ಟುಹೋಗಿತ್ತು. ಅದರ ವೈರ್‌ಲೆಸ್ ಕಂಟ್ರೋಲರ್ ಮಾತ್ರ ಚೆನ್ನಾಗಿತ್ತು, ಅದನ್ನು ನನಗೆ ಕೊಟ್ಟ. ನಮ್ಮ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಆರ್.ಟಿ. ನಗರದ ನಮ್ಮ ಅಂಗಡಿಯ ಲೆಕ್ಕವೆಲ್ಲ ಅದರಲ್ಲೇ. ಬ್ಲೂಟೂತ್ ಆನ್ ಮಾಡಿದೆ, ಕಂಟ್ರೋಲರ್ ಜೋಡಣೆಯಾಯಿತು, ಪರದೆಯ ಮೇಲೆ ಅದರ ಹೆಸರೂ ಬಂತು. ಆದರೆ ಫುಟ್‌ಬಾಲ್ ಗೇಮ್ ತೆರೆದರೆ ಆಟಗಾರ ಒಂದು ಹೆಜ್ಜೆಯೂ ಇಡಲಿಲ್ಲ.

ಇಂಟರ್‌ನೆಟ್‌ನಲ್ಲಿ ಹುಡುಕಿದೆ. "ಎಲ್ಲ ಕಂಟ್ರೋಲರ್‌ಗಳಿಗೂ ಒಂದೇ ಡ್ರೈವರ್" ಎಂದು ದೊಡ್ಡ ಹಸಿರು ಬಟನ್ ಇಟ್ಟಿದ್ದ ಒಂದು ತಾಣ ಸಿಕ್ಕಿತು. ಇಳಿಸಿಕೊಂಡೆ. ಆಂಟಿವೈರಸ್ ಆಫ್ ಮಾಡು ಎಂದಿತು, ಮಾಡಿದೆ. ಅನುಮತಿ ಕೊಡಲೇ ಎಂದು ವಿಂಡೋಸ್ ಕೇಳಿತು, ಓದದೆಯೇ ಕೊಟ್ಟೆ. ಮರುದಿನ ಪರದೆ ತುಂಬ ಜಾಹೀರಾತು. ಅದರ ಮರುದಿನ ಅಬ್ಬನ ಲೆಕ್ಕದ ಫೈಲ್ ತೆರೆಯಲೇ ಇಲ್ಲ. ರಿಪೇರಿಯವರು ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟರು. ಪೆನ್‌ಡ್ರೈವ್‌ನಲ್ಲಿದ್ದ ಪ್ರತಿ ಮೂರು ತಿಂಗಳಷ್ಟು ಹಳೆಯದು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ದಿನ ಹತ್ತಿರವಿತ್ತು. ಅಬ್ಬ ಬೈಯಲಿಲ್ಲ. ನಾಲ್ಕು ರಾತ್ರಿ ಇಶಾ ನಮಾಜಿನ ಬಳಿಕ ನಾನು ಕಾಗದದ ಬಿಲ್ ಒಂದೊಂದಾಗಿ ಓದಿದೆ, ಅವರು ಟೈಪ್ ಮಾಡಿದರು. ಬೈದಿದ್ದರೆ ಸುಲಭವಾಗುತ್ತಿತ್ತು.

ಇದನ್ನು ಬರೆಯುತ್ತಿರುವುದು ಪಶ್ಚಾತ್ತಾಪ ತೋರಿಸಲು ಅಲ್ಲ. ಆಮೇಲೆ ಕುಳಿತು ವಿಷಯ ತಿಳಿದುಕೊಂಡಾಗ ಒಂದು ಸಂಗತಿ ಗೊತ್ತಾಯಿತು: ಕಂಟ್ರೋಲರ್‌ನಲ್ಲಿ ದೋಷ ಇರಲಿಲ್ಲ, ಲ್ಯಾಪ್‌ಟಾಪ್‌ನಲ್ಲೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಹೊಸ ಡ್ರೈವರ್ ಕೂಡ ಅಲ್ಲ.

ಕಂಟ್ರೋಲರ್ ಬಟನ್ ಒತ್ತಿದಾಗ ಅದು ಕಂಪ್ಯೂಟರಿಗೆ ಒಂದಿಷ್ಟು ಸಂಖ್ಯೆಗಳನ್ನು ಕಳಿಸುತ್ತದೆ, ಅಷ್ಟೆ. ಕೀಬೋರ್ಡ್, ಮೌಸ್, ಗೇಮ್ ಕಂಟ್ರೋಲರ್‌ಗಳು ಹೀಗೆ ಮಾತಾಡಲು 'ಎಚ್‌ಐಡಿ' ಎಂಬ ಸಾಮಾನ್ಯ ನಿಯಮ 1990ರ ದಶಕದಿಂದಲೂ ಇದೆ. ಮೊದಲು ಯುಎಸ್‌ಬಿ ವೈರ್‌ಗಾಗಿ ಬಂದದ್ದನ್ನೇ ಬ್ಲೂಟೂತ್ ಕೂಡ ತೆಗೆದುಕೊಂಡಿತು. ನನ್ನ ಕಂಟ್ರೋಲರ್‌ನ ಕಡ್ಡಿಯನ್ನು ಎಡದ ತುದಿಯಿಂದ ಬಲದ ತುದಿಗೆ ತಳ್ಳಿದರೆ 0ಯಿಂದ 255ರವರೆಗಿನ ಸಂಖ್ಯೆ ಬರುತ್ತದೆ, ಸುಮ್ಮನೆ ಬಿಟ್ಟರೆ ಸುಮಾರು 128. ವಿಂಡೋಸ್ ಇದನ್ನು ಸರಿಯಾಗಿಯೇ ಓದುತ್ತಿತ್ತು. ಆದರೆ ವಿಂಡೋಸ್‌ನ ಬಹುಪಾಲು ಗೇಮ್‌ಗಳು ಕೇಳುವುದು 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಮೈಕ್ರೋಸಾಫ್ಟ್ ತಂದ 'ಎಕ್ಸ್‌ಇನ್‌ಪುಟ್' ಎಂಬ ಭಾಷೆಯನ್ನು. ಅಲ್ಲಿ ಅದೇ ಕಡ್ಡಿಗೆ ಮೈನಸ್ 32768ರಿಂದ 32767ರವರೆಗಿನ ಸಂಖ್ಯೆ. ಸೋನಿಯ ಕಂಟ್ರೋಲರ್ ಒಂದು ಭಾಷೆ ಆಡುತ್ತಿತ್ತು, ಗೇಮ್ ಇನ್ನೊಂದಕ್ಕೆ ಕಾಯುತ್ತಿತ್ತು. ಬೇಕಾಗಿದ್ದದ್ದು ನಡುವೆ ಒಬ್ಬ ದುಭಾಷಿ.

ದುಭಾಷಿಯ ಕೆಲಸ ನಮ್ಮಲ್ಲಿ ಅನೇಕರಿಗೆ ಗೊತ್ತು. ನಮ್ಮ ನಾನಿಗೆ ದಖನಿ ಬಿಟ್ಟರೆ ಬೇರೆ ಮಾತು ಬಾರದು. ಬ್ಯಾಂಕಿಗೆ ಹೋದರೆ ಕೌಂಟರಿನವರು ಕನ್ನಡದಲ್ಲಿ ಕೇಳಿದ್ದನ್ನು ನಾನು ನಾನಿಗೆ ಹೇಳಬೇಕು, ನಾನಿ ಹೇಳಿದ್ದನ್ನು ಅವರಿಗೆ. "ಇಲ್ಲಿ ಸೈನ್ ಹಾಕಿ ನಾನಿ" ಎಂದರೆ ಹಾಕುತ್ತಾರೆ, ಏನು ಬರೆದಿದೆ ಎಂದು ಕೇಳುವುದಿಲ್ಲ. ನಾನು ಮೊಮ್ಮಗ ಎಂಬ ನಂಬಿಕೆ. ಅದೇ ಬ್ಯಾಂಕಿನ ಬಾಗಿಲಲ್ಲಿ ನಿಂತ ಅಪರಿಚಿತನೊಬ್ಬ "ಬನ್ನಿ ಅಮ್ಮಾ, ನಾನು ಹೇಳಿಕೊಡುತ್ತೇನೆ" ಎಂದಿದ್ದರೆ? ನಾನು ಲ್ಯಾಪ್‌ಟಾಪ್ ಮುಂದೆ ಕುಳಿತು ಮಾಡಿದ್ದು ಅದನ್ನೇ. ದಾರಿಹೋಕನ ಕೈಗೆ ಅಬ್ಬನ ಪಾಸ್‌ಬುಕ್ ಕೊಟ್ಟೆ.

ಡ್ರೈವರ್ ವಿಷಯದಲ್ಲಿ ನಂಬಿಕೆ ಇಷ್ಟು ಮುಖ್ಯವಾಗಲು ಕಾರಣವಿದೆ. ಅನೇಕ ಡ್ರೈವರ್‌ಗಳು ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಮ್‌ನ ತೀರಾ ಒಳಕೋಣೆಯಲ್ಲಿ, ಕರ್ನಲ್‌ನಲ್ಲಿ. ಅಲ್ಲಿ ತಪ್ಪಾದರೆ ಇಡೀ ಯಂತ್ರ ಬೀಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಫೈಲನ್ನು ಅದೇ ಕಂಪನಿಯ ಕರ್ನಲ್ ಡ್ರೈವರ್ ಓದಿತು. ಮೈಕ್ರೋಸಾಫ್ಟ್ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಹೆಬ್ಬಾಳದ ಫ್ಲೈಓವರ್ ದಾಟಿ ಹೋಗುವ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಅಂದು ಕೆಲವು ವಿಮಾನ ಕಂಪನಿಗಳ ಚೆಕ್-ಇನ್ ಕೆಟ್ಟು ಪ್ರಯಾಣಿಕರು ಸಾಲುಗಟ್ಟಿದರು. ಅಲ್ಲಿ ಯಾರೂ ಕೆಡುಕು ಬಯಸಿರಲಿಲ್ಲ, ತಪ್ಪಾಯಿತು ಅಷ್ಟೆ. ಕೆಡುಕು ಬಯಸುವವನಿಗೇ ಒಳಗೆ ಬರುವ ಅನುಮತಿ ಕೊಟ್ಟರೆ ಏನಾಗಬಹುದು ಎಂದು ನನ್ನನ್ನು ಕೇಳಿ.

ಇನ್ನು ಕಥೆಯ ಉಳಿದ ಅರ್ಧ. ಯಲಹಂಕದಲ್ಲಿರುವ ಖಾಲಾ ಮನೆಯಲ್ಲಿ ಹತ್ತು ವರ್ಷ ಹಳೆಯ ಡೆಸ್ಕ್‌ಟಾಪ್ ಇದೆ, ಅದರಲ್ಲಿ ಲಿನಕ್ಸ್ ಹಾಕಿದ್ದಾರೆ. ಸುಮ್ಮನೆ ಪರೀಕ್ಷಿಸೋಣ ಎಂದು ಅದೇ ಕಂಟ್ರೋಲರನ್ನು ವೈರಿನಿಂದ ಸಿಕ್ಕಿಸಿದೆ. ಏನನ್ನೂ ಇಳಿಸಲಿಲ್ಲ, ಎಲ್ಲೂ 'ಯೆಸ್' ಒತ್ತಲಿಲ್ಲ. ಕೆಲಸ ಮಾಡಿತು. ಯಾಕೆಂದರೆ ಅದರ ಡ್ರೈವರ್ ಲಿನಕ್ಸ್ ಕರ್ನಲ್ ಒಳಗೇ ಇದೆ. ಸೋನಿಯ ಕಂಟ್ರೋಲರ್‌ಗಳಿಗೆ ಮೊದಲು ಡ್ರೈವರ್ ಬರೆದವರಲ್ಲಿ ಹವ್ಯಾಸಿಗಳೂ ಇದ್ದರು. ಕಂಟ್ರೋಲರ್ ಯಾವ ಸಂಖ್ಯೆ ಕಳಿಸುತ್ತದೆ ಎಂದು ತಾವೇ ನೋಡಿ ಕಂಡುಕೊಂಡು ಬರೆದರು. 2021ರಲ್ಲಿ ಲಿನಕ್ಸ್ 5.12ನೇ ಆವೃತ್ತಿಗೆ ಸೋನಿಯ ಎಂಜಿನಿಯರ್ ಬರೆದ ಹೊಸ ಡ್ರೈವರೇ ಸೇರಿತು. ಅದರ ಪ್ರತಿ ಸಾಲನ್ನೂ ಯಾರು ಬೇಕಾದರೂ ಓದಬಹುದು, ಪ್ರತಿ ಬದಲಾವಣೆಯ ಪಕ್ಕದಲ್ಲೂ ಬರೆದವರ ಹೆಸರಿದೆ. ಹಸಿರು ಬಟನ್ನಿನ ಹಿಂದೆ ಯಾರ ಹೆಸರೂ ಇರಲಿಲ್ಲ.

ವಿಂಡೋಸ್ ಬಿಡಿ, ಲಿನಕ್ಸ್ ಹಿಡಿಯಿರಿ ಎಂದು ಹೇಳುತ್ತಿಲ್ಲ. ವಿಂಡೋಸ್‌ನಲ್ಲೂ ನೇರ ದಾರಿ ಇತ್ತು. ಸ್ಟೀಮ್ 2016ರಿಂದಲೇ ಈ ಕಂಟ್ರೋಲರ್‌ನ ಮಾತನ್ನು ತಾನೇ ಅನುವಾದಿಸುತ್ತದೆ. ಹೊಸದು ಕೊಳ್ಳುವವರು ಕೊಳ್ಳುವ ಮೊದಲೇ ನೋಡಬಹುದಿತ್ತು. ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಕೊಳ್ಳುವುದಿದ್ದರೆ ಮೇಲಿನ ಎಕ್ಸ್‌ಬಾಕ್ಸ್ ಬಟನ್ ಸುತ್ತ ನೋಡಿ. ಅಲ್ಲಿನ ಪ್ಲಾಸ್ಟಿಕ್ ಮುಂಭಾಗದ ಪ್ಲಾಸ್ಟಿಕ್ಕಿನದೇ ಭಾಗವಾಗಿದ್ದರೆ ಬ್ಲೂಟೂತ್ ಇದೆ. ಬೇರೆ ಹೊಳೆಯುವ ತುಂಡಾಗಿದ್ದರೆ ಇಲ್ಲ. ವೈರ್ ಬೇಕು, ಇಲ್ಲವೇ ಮೈಕ್ರೋಸಾಫ್ಟ್‌ನ ಪ್ರತ್ಯೇಕ ಅಡಾಪ್ಟರ್ ಬೇಕು. ಅರ್ಧ ನಿಮಿಷದ ಈ ತಿಳಿವಳಿಕೆ ನೂರಾರು ರೂಪಾಯಿ ಉಳಿಸುತ್ತದೆ. ಆದರೆ ಇದನ್ನು ನಮಗೆ ಹೇಳಿಕೊಡುವವರು ಯಾರು?

ಅದಕ್ಕೇ ನನ್ನ ಒಂದು ಕೋರಿಕೆ. ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಹಳೆಯದಾದ ಒಂದು ಕಂಪ್ಯೂಟರನ್ನು, ನೆಟ್‌ವರ್ಕ್‌ನಿಂದ ಬೇರ್ಪಡಿಸಿ, ಲಿನಕ್ಸ್ ಹಾಕಿ, ವಾರಕ್ಕೆ ಒಂದು ಗಂಟೆ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ. ಮನೆಯಲ್ಲಿ ಬಿದ್ದಿರುವ ಕಂಟ್ರೋಲರ್, ಹಳೆ ಮೌಸ್, ಬಾರ್‌ಕೋಡ್ ಸ್ಕ್ಯಾನರ್ ತರುತ್ತೇವೆ. 'ಇವಿಟೆಸ್ಟ್' ಎಂಬ ಪುಟ್ಟ ಪ್ರೋಗ್ರಾಂ ಇದೆ. ಬಟನ್ ಒತ್ತಿದಾಗ ಯಾವ ಸಂಕೇತ ಬಂತು, ಕಡ್ಡಿ ತಳ್ಳಿದಾಗ ಯಾವ ಸಂಖ್ಯೆ ಬಂತು ಎಂದು ಸಾಲುಸಾಲಾಗಿ ತೋರಿಸುತ್ತದೆ. ಎಂಟು ಬಿಟ್ ಎಂದರೆ 256 ಬೆಲೆಗಳು ಎಂದು ತರಗತಿಯಲ್ಲಿ ಬರೆದುಕೊಂಡಿದ್ದೇನೆ. ಅದು ಹೆಬ್ಬೆರಳಿನ ಕೆಳಗೆ ಇದೆ ಎಂದು ನನಗೆ ಅರ್ಥವಾದದ್ದು ಖಾಲಾ ಮನೆಯಲ್ಲಿ.

ಇದು ಹೊಸ ಮಾತೇನಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ವರ್ಷಗಳಿಂದ ನಡೆಯುತ್ತಿರುವುದು ಮುಕ್ತ ತಂತ್ರಾಂಶದಲ್ಲೇ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಹಾಗೆಯೇ ಕಲಿಯುತ್ತಾರೆ. ಅವರಿಗೆ ಎಂಟನೇ ತರಗತಿಯಲ್ಲೇ ಪರಿಚಯವಾಗುವುದು ನಮಗೆ ಪಿಯುಸಿಯಲ್ಲಾದರೂ ಆಗಲಿ.

ಉಪನ್ಯಾಸಕರು ಏನು ಹೇಳಬಹುದು ಎಂದು ಗೊತ್ತು. "ಗೇಮ್ ಆಡೋಕೆ ಒಂದು ನೆಪ." ಅನುಮಾನ ನ್ಯಾಯವೇ, ನಮ್ಮ ಮೇಲೆ ನನಗೂ ಪೂರ್ತಿ ನಂಬಿಕೆಯಿಲ್ಲ. ಹಾಗಾದರೆ ಆ ಯಂತ್ರದಲ್ಲಿ ಒಂದೂ ಗೇಮ್ ಇಡಬೇಡಿ. ಸಂಖ್ಯೆಗಳು ಬರುವುದನ್ನು ನೋಡಲು ಗೇಮ್ ಬೇಕಿಲ್ಲ. "ಪರೀಕ್ಷೆಯಲ್ಲಿ ಇದು ಬರುವುದಿಲ್ಲ" ಎಂದೂ ಹೇಳಬಹುದು. ನಿಜ, ಬರುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಬಲ್ಲವರು ಎಂದರೆ ನಾವೇ. ಅಬ್ಬನ ಅಂಗಡಿಯ ಲೆಕ್ಕ, ಅಮ್ಮಿಯ ಬ್ಯಾಂಕ್ ಆ್ಯಪ್, ತಮ್ಮನ ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ನಮ್ಮ ಕೈ ದಾಟಿಯೇ ಹೋಗುತ್ತವೆ. ಎಲ್ಲಿ 'ಯೆಸ್' ಒತ್ತಬಾರದು ಎಂದು ನಮಗೆ ಗೊತ್ತಿಲ್ಲದಿದ್ದರೆ ಅದರ ಬೆಲೆ ತೆರುವವರು ಅವರು.

ಕಂಟ್ರೋಲರ್ ಈಗಲೂ ನನ್ನ ಬಳಿ ಇದೆ. ಅಬ್ಬನ ಲ್ಯಾಪ್‌ಟಾಪ್ ಹತ್ತಿರ ಅದನ್ನು ತಂದಿಲ್ಲ. ಮೊನ್ನೆ ಅಬ್ಬನೇ ಕೇಳಿದರು, "ನಿನ್ನ ಗಾಡಿಗೆ ಡ್ರೈವರ್ ಸಿಕ್ಕಿದನಾ?" ಸಿಕ್ಕಿದ, ಅವನ ಹೆಸರೂ ಗೊತ್ತು ಎಂದೆ. "ಹಾಗಾದರೆ ಸರಿ" ಎಂದು ಬಿಲ್ ಪುಸ್ತಕ ತೆರೆದರು.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ