ಬದುಕಿದ ವರ್ಷಗಳೂ ಬದುಕಿನ ಬಗೆಯೂ

ಚಿಕಿತ್ಸೆ ಫಲಿಸಿತೇ ಎಂದು ಕೇಳಿದರೆ ಆಸ್ಪತ್ರೆಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ಇಷ್ಟು ಶಸ್ತ್ರಚಿಕಿತ್ಸೆಗಳು ನಡೆದವು, ಇಷ್ಟು ಜನ ಬದುಕಿದರು. ರೋಗಿಗೆ ಬೇಕಾಗಿದ್ದ ಫಲ ಯಾವುದೆಂದು ಕೇಳುವವರು ವಿರಳ. ಕೇಳಿದರೂ ಆ ಉತ್ತರ ಬೇರೊಂದು ಕಡತವನ್ನು ಸೇರಿ ಮರೆತುಹೋಗುತ್ತದೆ. ಇವೆರಡನ್ನೂ ಬೇರ್ಪಡಿಸಿ ಅಳೆಯುವ ಪದ್ಧತಿ ವಿಜ್ಞಾನದ ದೃಷ್ಟಿಯಿಂದ ಅಪೂರ್ಣ, ನೀತಿಯ ದೃಷ್ಟಿಯಿಂದ ಅನ್ಯಾಯ.

ಫಲಿತಾಂಶವನ್ನು ಅಳೆಯಬೇಕೆಂಬ ಮಾತೇ ಒಮ್ಮೆ ವಿವಾದಾಸ್ಪದವಾಗಿತ್ತು. ಪ್ರತಿಯೊಬ್ಬ ರೋಗಿಯ ಅಂತಿಮ ಸ್ಥಿತಿಯನ್ನೂ ದಾಖಲಿಸಬೇಕೆಂದು 20ನೆಯ ಶತಮಾನದ ಆರಂಭದಲ್ಲಿ ಪಟ್ಟುಹಿಡಿದ ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಸಹೋದ್ಯೋಗಿಗಳ ಅಪ್ರೀತಿಗೆ ಪಾತ್ರರಾದರು. ಇಂದು ಆ ತತ್ತ್ವವನ್ನು ಯಾರೂ ಅಲ್ಲಗಳೆಯರು. ಆದರೆ ಯಾವ ಫಲವನ್ನು ಅಳೆಯಬೇಕೆಂದು ನಿರ್ಧರಿಸುವವರು ಈಗಲೂ ಬಹುಮಟ್ಟಿಗೆ ವೈದ್ಯರೇ.

ಧ್ವನಿಪೆಟ್ಟಿಗೆಯ ಕ್ಯಾನ್ಸರನ್ನೇ ನೋಡೋಣ. 1981ರಲ್ಲಿ ಬಾರ್ಬರಾ ಮೆಕ್‌ನೀಲ್ ಮತ್ತು ಸಂಗಡಿಗರು 37 ಮಂದಿ ಆರೋಗ್ಯವಂತರ ಮುಂದೆ ಒಂದು ಕಠಿಣ ಆಯ್ಕೆಯನ್ನಿಟ್ಟರು. ಶಸ್ತ್ರಚಿಕಿತ್ಸೆಯಾದರೆ ಬದುಕುಳಿಯುವ ಸಂಭವ ಹೆಚ್ಚು, ಆದರೆ ಸಹಜ ಧ್ವನಿ ಹೋಗುತ್ತದೆ. ವಿಕಿರಣ ಚಿಕಿತ್ಸೆಯಾದರೆ ಧ್ವನಿ ಉಳಿಯುತ್ತದೆ, ಬದುಕುಳಿಯುವ ಸಂಭವ ಕಡಿಮೆ. ಸುಮಾರು ಐದನೆಯ ಒಂದು ಭಾಗದ ಜನ ಧ್ವನಿಯನ್ನೇ ಆರಿಸಿಕೊಂಡರು. ಬದುಕುಳಿದವರ ಲೆಕ್ಕವೊಂದನ್ನೇ ಇಡುವ ದಾಖಲೆಯಲ್ಲಿ ಇಂಥವರಿಗೆ ಸ್ಥಳವೆಲ್ಲಿ?

ಇನ್ನೊಂದು ಪಕ್ಷವನ್ನೂ ನೋಡಬೇಕು. 1991ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ 332 ರೋಗಿಗಳ ಅಧ್ಯಯನ ಪ್ರಕಟವಾಯಿತು. ಧ್ವನಿಪೆಟ್ಟಿಗೆಯನ್ನು ತೆಗೆದುಹಾಕುವ ಶಸ್ತ್ರಚಿಕಿತ್ಸೆಯ ಗುಂಪಿನಲ್ಲೂ ಮೊದಲು ಕೀಮೋಥೆರಪಿ, ಆಮೇಲೆ ವಿಕಿರಣ ನೀಡಿದ ಗುಂಪಿನಲ್ಲೂ ಎರಡು ವರ್ಷ ಬದುಕುಳಿದವರ ಪ್ರಮಾಣ ಶೇ. 68, ಎರಡನೆಯ ಗುಂಪಿನಲ್ಲಿ ಶೇ. 64 ಮಂದಿಯ ಧ್ವನಿಪೆಟ್ಟಿಗೆ ಉಳಿಯಿತು. ಈ ಅಂಕಿಗಳಿಲ್ಲದೆ ರೋಗಿಯ ಇಷ್ಟವನ್ನು ಕೇಳಿದ್ದರೆ, ಇಲ್ಲದ ಸಂದಿಗ್ಧದಲ್ಲಿ ಅವನನ್ನು ನಿಲ್ಲಿಸಿದಂತಾಗುತ್ತಿತ್ತು. ಆದರೆ ಉಳಿದ ಧ್ವನಿಪೆಟ್ಟಿಗೆಯೆಂದರೆ ಉಳಿದ ಮಾತೆಂದೇ ಅರ್ಥವಲ್ಲ; ಅದನ್ನು ಹೇಳಬಲ್ಲವನು ರೋಗಿಯೇ.

ಇವೆರಡೂ ಕೂಡಿದಾಗ ಏನಾಗುವುದೆಂಬುದಕ್ಕೆ ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನ ಸಾಕ್ಷಿ. ಪ್ರಾಸ್ಟೇಟ್ ಕ್ಯಾನ್ಸರಿನ 1,643 ರೋಗಿಗಳಲ್ಲಿ, ಶಸ್ತ್ರಚಿಕಿತ್ಸೆ, ವಿಕಿರಣ, ನಿಗಾವಣೆ ಈ ಮೂರರಲ್ಲಿ ಯಾವುದನ್ನು ಪಡೆದರೂ, 15 ವರ್ಷಗಳಲ್ಲಿ ಆ ರೋಗದಿಂದ ತೀರಿಕೊಂಡವರು ಸುಮಾರು ಶೇ. 2ರಿಂದ 3ರಷ್ಟು ಮಾತ್ರವೆಂದು 2023ರಲ್ಲಿ ವರದಿಯಾಯಿತು. ನಿಗಾವಣೆಯ ಗುಂಪಿನಲ್ಲಿ ರೋಗ ಹರಡಿದ್ದು ಹೆಚ್ಚು. ಶಸ್ತ್ರಚಿಕಿತ್ಸೆಯಾದವರಲ್ಲಿ ಮೂತ್ರ ತಡೆಯಲಾಗದ ತೊಂದರೆ ಹೆಚ್ಚು. ಎರಡನೆಯದು ತಿಳಿದದ್ದು ರೋಗಿಗಳನ್ನೇ ವರ್ಷವರ್ಷವೂ ಕೇಳಿದ್ದರಿಂದ.

ರೋಗಿಗೆ ಏನು ತಿಳಿಯುತ್ತದೆ ಎನ್ನುವವರುಂಟು. ತಿಳಿಯದಿದ್ದರೆ ತಿಳಿಸುವುದು ವೈದ್ಯರ ಕರ್ತವ್ಯ. ಅಜ್ಞಾನದಲ್ಲಿಟ್ಟು ಅಜ್ಞಾನಿಯೆಂದು ಜರೆಯುವುದು ನ್ಯಾಯವಲ್ಲ. ಇಷ್ಟ ಬದಲಾಗುತ್ತದೆ ಎನ್ನುವವರುಂಟು. ರಕ್ತದೊತ್ತಡವೂ ಬದಲಾಗುತ್ತದೆ, ಹಾಗೆಂದು ಅಳೆಯುವುದನ್ನು ಬಿಟ್ಟೆವೇ? ಹಿರಿಯರ ರೋಗವನ್ನು ಅವರಿಂದಲೇ ಮುಚ್ಚಿಟ್ಟು ಮಕ್ಕಳು ನಿರ್ಧರಿಸುವುದನ್ನು ಪ್ರೀತಿಯೆನ್ನುವವರೂ ಉಂಟು. ಆ ಪ್ರೀತಿ ಅವರ ಮಾತನ್ನು ಅವರು ಬದುಕಿರುವಾಗಲೇ ಕಸಿದುಕೊಳ್ಳುತ್ತದೆ.

ಆಸ್ಪತ್ರೆಗಳಿಗೆ ದಾನ ನೀಡುವ, ಚಿಕಿತ್ಸಾ ಶಿಬಿರಗಳನ್ನು ನಡೆಸುವ ಟ್ರಸ್ಟುಗಳು ವಾರ್ಷಿಕ ವರದಿಯಲ್ಲಿ ಮೂರು ಸಂಗತಿಗಳನ್ನು ಕೇಳಲಿ: ಚಿಕಿತ್ಸೆಗೆ ಮೊದಲು ರೋಗಿ ಏನನ್ನು ಬಯಸಿದ್ದ, ವರ್ಷದ ಬಳಿಕ ವೈದ್ಯರು ಏನನ್ನು ಕಂಡರು, ರೋಗಿ ಏನೆಂದ. ಮೂರೂ ಒಂದೇ ಹಾಳೆಯಲ್ಲಿರಲಿ. ಹಣ ಕೊಡುವವರು ಕೇಳಿದರೆ ಲೆಕ್ಕ ಇಡುವವರು ಇಟ್ಟೇ ಇಡುತ್ತಾರೆ.