ಕೆಂಪು ಬುಟ್ಟಿಯ ಕಸಕ್ಕೆ ಜಾಗ ಎಲ್ಲಿ?

ಬೆಂಗಳೂರಿನ ಮನೆಗಳಿಗೆ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಹೈಕೋರ್ಟ್ ಕಡ್ಡಾಯ ಮಾಡಿದ್ದು 2015ರ ಡಿಸೆಂಬರ್‌ನಲ್ಲಿ. ಹಸಿ ಕಸಕ್ಕೆ ಹಸಿರು ಬುಟ್ಟಿ, ಒಣ ಕಸಕ್ಕೆ ಚೀಲ, ಮಿಕ್ಕಿದ್ದಕ್ಕೆ ಕೆಂಪು ಬುಟ್ಟಿ. ಹಸಿ–ಒಣದ ಪಾಠ ಅಷ್ಟಿಷ್ಟಾದರೂ ಮನೆ ಮುಟ್ಟಿದೆ. ತರಕಾರಿ ಸಿಪ್ಪೆಯ ನಡುವೆ ಹಾಲಿನ ಕವರ್ ಕಂಡರೆ ಆಟೊ ಟಿಪ್ಪರ್‌ನವರು ಬಾಗಿಲಲ್ಲೇ ಗದರುತ್ತಾರೆ. ಆದರೆ ಕೈಗೆ, ಜೀವಕ್ಕೆ ಅಪಾಯ ತರುವ ವಸ್ತುಗಳೆಲ್ಲ ಸೇರುವುದು ಕೆಂಪು ಬುಟ್ಟಿಗೆ. ಅದರ ಬಗ್ಗೆ ಮನೆಯಲ್ಲೂ ಮಾತಿಲ್ಲ, ಕಚೇರಿಯಲ್ಲೂ ಮಾತಿಲ್ಲ.

ಬೆಳಿಗ್ಗೆ ಟಿಪ್ಪರ್ ಹಿಂದೆ ಎರಡು ನಿಮಿಷ ನಿಂತು ನೋಡಿ. ಗಂಟು ಬಿಗಿದ ಕಪ್ಪು ಕವರ್ ಕೈಗೆ ಬಂದ ಕೂಡಲೇ ಹೆಲ್ಪರ್ ಅದನ್ನು ಹರಿಯುತ್ತಾರೆ. ಬೆರಳಿನಿಂದಲೇ ಕೆದಕಿ ಪ್ಯಾಡು, ಡೈಪರುಗಳನ್ನು ಒಂದು ಕಡೆ, ಬಾಟಲಿಯನ್ನು ಇನ್ನೊಂದು ಕಡೆ ಎಸೆಯುತ್ತಾರೆ. ಕೈಗವಸು ಇದ್ದರೂ ತೆಳು, ಸೂಜಿಯನ್ನು ಅದು ತಡೆಯದು. ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಪ್ರಮಾಣ ನೋಡಲು ಬೆರಳು ಚುಚ್ಚುವವರು ಈಗ ಬೀದಿಬೀದಿಯಲ್ಲಿದ್ದಾರೆ. ಬಳಸಿದ ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಸೋಂಕು ತಗುಲಬಹುದು. ಆಸ್ಪತ್ರೆಯಲ್ಲಿ ಇದೇ ಸೂಜಿಗೆ ಬೇರೆ ಡಬ್ಬಿ, ಬೇರೆ ವಾಹನ, ಬೇರೆ ಕಾನೂನು. ಮನೆಯ ಹೊಸ್ತಿಲು ದಾಟಿ ಬಂದ ಸೂಜಿಗೆ ಮಾತ್ರ ಪೌರಕಾರ್ಮಿಕರ ಅಂಗೈ.

ಇದನ್ನು ತಪ್ಪಿಸುವುದು ಕಷ್ಟದ ಕೆಲಸವೂ ಅಲ್ಲ, ಖರ್ಚಿನ ಬಾಬೂ ಅಲ್ಲ. ಖಾಲಿಯಾದ ಫಿನಾಯಿಲ್ ಬಾಟಲಿ ಸಾಕು: ಪ್ಲಾಸ್ಟಿಕ್ ಗಟ್ಟಿ, ತಿರುಪಿನ ಮುಚ್ಚಳವೂ ಇರುತ್ತದೆ. ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗದೆ ನೇರವಾಗಿ ಅದರೊಳಗೆ ಬಿಡಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು, ಟೇಪ್ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ ‘ಸೂಜಿ’ ಎಂದು ಬರೆದು ಬೇರೆಯಾಗಿಯೇ ಕೊಡಿ. ಒಡೆದ ಗಾಜನ್ನು ನಾಲ್ಕಾರು ಪದರ ಪೇಪರಿನಲ್ಲಿ ಸುತ್ತಿ ರಟ್ಟಿನ ಡಬ್ಬಿಗೆ ಹಾಕಿ, ಅದರ ಮೇಲೂ ಬರೆಯಿರಿ. ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟರೆ ಹೆಲ್ಪರ್ ಅದನ್ನು ಬಿಚ್ಚಿ ನೋಡಬೇಕಿಲ್ಲ. ಹಳೆಯ ಮೊಬೈಲು, ಪವರ್ ಬ್ಯಾಂಕ್‌ಗಳ ಬ್ಯಾಟರಿಯನ್ನಂತೂ ಯಾವ ಬುಟ್ಟಿಗೂ ಹಾಕಬಾರದು. ಕಾಂಪ್ಯಾಕ್ಟರ್‌ನಲ್ಲಿ ಜಜ್ಜಿಹೋದ ಲಿಥಿಯಂ ಬ್ಯಾಟರಿ ಇಡೀ ಲೋಡಿಗೆ ಬೆಂಕಿ ಹಚ್ಚಬಲ್ಲದು.

ಇಷ್ಟನ್ನು ಮನೆಯವರು ಮಾಡಿದರೂ ಮುಂದಿನ ದಾರಿ ಕಾಣುವುದಿಲ್ಲ, ಮುಖ್ಯ ತಕರಾರು ಇರುವುದು ಇಲ್ಲಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಸೂಜಿ, ಅವಧಿ ಮೀರಿದ ಔಷಧ, ಬ್ಯಾಟರಿ, ಟ್ಯೂಬ್‌ಲೈಟ್, ಕೀಟನಾಶಕದ ಡಬ್ಬಿಗಳನ್ನು ‘ಮನೆಯ ಅಪಾಯಕಾರಿ ತ್ಯಾಜ್ಯ’ ಎಂದು ಪ್ರತ್ಯೇಕವಾಗಿ ಗುರುತಿಸಿದವು. ಇದನ್ನು ಪಡೆಯಲು ಪ್ರತಿ 20 ಚದರ ಕಿಲೊಮೀಟರ್‌ಗೆ ಒಂದು ಕೇಂದ್ರ ತೆರೆದು, ಅದರ ವೇಳೆಯನ್ನೂ ಜನರಿಗೆ ತಿಳಿಸಬೇಕು ಎಂದವು. ಬಿಬಿಎಂಪಿಯ ವ್ಯಾಪ್ತಿ 700 ಚದರ ಕಿಲೊಮೀಟರ್ ಮೀರಿತ್ತು. ಆ ಲೆಕ್ಕದಲ್ಲಿ ನಗರದಲ್ಲಿ 35ಕ್ಕೂ ಹೆಚ್ಚು ಕೇಂದ್ರಗಳಿರಬೇಕು. ನಿಮ್ಮ ಮನೆಗೆ ಹತ್ತಿರದ್ದು ಯಾವುದು ಎಂದು ಯಾರಾದರೂ ಹೇಳಿದ್ದಾರೆಯೇ? ಪ್ರತಿ ಪ್ಯಾಡಿನ ಜೊತೆಗೆ ಸುತ್ತಿ ಎಸೆಯಲು ಹೊದಿಕೆ ಕೊಡಬೇಕು ಎಂದು ತಯಾರಕರಿಗೂ ಅದೇ ನಿಯಮಗಳು ಹೇಳಿದ್ದವು. ಅಪಾಯದ್ದನ್ನೆಲ್ಲ ಒಂದೇ ಕೆಂಪು ಬುಟ್ಟಿಗೆ ಹಾಕಿಸಿ ಕೈತೊಳೆದುಕೊಂಡರೆ ವಿಂಗಡಣೆ ಅರ್ಧಕ್ಕೇ ನಿಂತಂತೆ.

ಕಸ ವಿಂಗಡಿಸದ ಮನೆಗೆ ದಂಡ ಹಾಕುವ ಅಧಿಕಾರ ಪಾಲಿಕೆಗಿದೆ, ಹಾಕಲಿ. ಅದೇ ಬಿಗಿ ತನ್ನ ಪಾಲಿನ ಕೆಲಸದಲ್ಲೂ ಕಾಣಬೇಕು. ಗುತ್ತಿಗೆ ಹೆಲ್ಪರ್‌ಗಳೂ ಸೇರಿ ಕಸ ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಲಸಿಕೆ, ದಪ್ಪ ಕೈಗವಸು ಸಿಗಬೇಕು. ಟಿಪ್ಪರ್‌ನಲ್ಲಿ ಸೂಜಿ–ಗಾಜಿಗೆ ಬೀಗದ ಡಬ್ಬಿ ಇಡಲು ಹೊಸ ಯೋಜನೆ, ಟೆಂಡರ್‌ಗಾಗಿ ಕಾಯಬೇಕಾಗಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಈ ವಾರ ನಿಮ್ಮ ವಾರ್ಡ್ ಕಚೇರಿಗೆ ಹೋಗಿ, ಅಪಾಯಕಾರಿ ಕಸ ಪಡೆಯುವ ಕೇಂದ್ರ ಎಲ್ಲಿದೆ, ಎಷ್ಟು ಹೊತ್ತು ತೆರೆದಿರುತ್ತದೆ ಎಂದು ಲಿಖಿತವಾಗಿ ಕೇಳಿ. ಉತ್ತರ ಬರುವವರೆಗೆ ಸೂಜಿಯ ಬಾಟಲಿಯನ್ನು ಮಕ್ಕಳ ಕೈಗೆಟುಕದ ಕಡೆ ಇಟ್ಟಿರಿ.