ಚರಣ ಗಾಯಕರಿಗೆ, ಪಲ್ಲವಿ ಸಭೆಗೆ

ಚೆಕ್ ಸಂಗೀತಗಾರ ಆಂಟೊನಿನ್ ದ್ವೊರ್ಜಾಕ್ 1894ರಲ್ಲಿ ನ್ಯೂಯಾರ್ಕ್‌ನಲ್ಲಿದ್ದಾಗ ದಾವೀದನ ಕೀರ್ತನೆಗಳಿಂದ ಆಯ್ದ ಸಾಲುಗಳಿಗೆ ರಾಗ ಕಟ್ಟಿ ಹತ್ತು ಹಾಡು ಮಾಡಿದರು. ಒಬ್ಬ ಗಾಯಕ, ಒಂದು ಪಿಯಾನೊ, ಅಷ್ಟೇ. ಇಂಥ ಏಕವ್ಯಕ್ತಿ ಗಾಯನ ಕಛೇರಿಗೆ ಸರಿ, ಆರಾಧನೆಗೆ ಸಲ್ಲದು ಎಂಬ ತಕರಾರು ಹಳೆಯದು. ಭಕ್ತರು ಬರೀ ಶ್ರೋತೃಗಳಾಗಿಬಿಡುತ್ತಾರೆ ಎಂಬ ಆತಂಕ ಅದರ ಹಿಂದಿದೆ.

ಆತಂಕ ಸುಳ್ಳಲ್ಲ. ಆದರೆ ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಕಡೆ ಕ್ರೈಸ್ತರ ಸಂಖ್ಯೆಯೇ ಕಡಿಮೆ. ನಾಲ್ಕು ದನಿಗಳ ಗಾನವೃಂದ ಕಟ್ಟಲು ಜನರೆಲ್ಲಿ? ಶ್ರುತಿ ಬಿಡದೆ ಹಾಡುವ ಒಬ್ಬರು, ಒಂದು ಹಾರ್ಮೋನಿಯಂ, ಜತೆಗೆ ತಬಲಾ ಇದ್ದರೆ ಭಾವಗೀತೆಯ ಧಾಟಿಯಲ್ಲಿ ಕೀರ್ತನೆ ಹಾಡಬಹುದು.

ಕಥೋಲಿಕ ಬಲಿಪೂಜೆಯ ನಿಯಮವೂ ಇದಕ್ಕೆ ಅಡ್ಡಿಯಲ್ಲ. ಮೊದಲ ವಾಚನದ ಬಳಿಕ ಕೀರ್ತನೆಯ ಚರಣಗಳನ್ನು ಒಬ್ಬರು ಹಾಡುತ್ತಾರೆ, ಕುಳಿತು ಆಲಿಸುವ ಸಭೆ ಪಲ್ಲವಿಯಲ್ಲಿ ದನಿಗೂಡಿಸುತ್ತದೆ. ಆಯಾ ನಾಡಿನ ಸಂಗೀತಕ್ಕೆ ಆರಾಧನೆಯಲ್ಲಿ ಜಾಗ ಕೊಡಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತು. ಅದಕ್ಕೂ ನೂರು ವರ್ಷ ಮೊದಲು, 1862ರಲ್ಲಿ, ಬಾಸೆಲ್ ಮಿಷನ್ನಿನ ಕಿಟೆಲ್ ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಗೆ ಕನ್ನಡದ ಛಂದಸ್ಸು ಹೊಂದಿಸಿದ್ದರು.

ಕುರುಬನ ಚಿತ್ರವಿರುವ 23ನೇ ಕೀರ್ತನೆಯನ್ನೇ ನೋಡಿ. ಮೊದಲ ಮೂರು ವಚನಗಳಲ್ಲಿ ‘ಆತ’ ಎಂದು ದೇವರ ಬಗ್ಗೆ ಹೇಳುತ್ತಿದ್ದವನು, ನಾಲ್ಕನೆಯದರಲ್ಲಿ ಕತ್ತಲ ಕಣಿವೆ ಬಂದೊಡನೆ ‘ನೀನು’ ಎಂದು ನೇರ ದೇವರನ್ನೇ ಮಾತಾಡಿಸುತ್ತಾನೆ. ಅಲ್ಲಿ ತಬಲಾ ನಿಂತು ದನಿಯೊಂದೇ ಉಳಿದರೆ ಆ ತಿರುವು ಕಿವಿಗೆ ತಟ್ಟುತ್ತದೆ. ನೂರು ಜನ ಒಟ್ಟಿಗೆ ಹಾಡುವಾಗ ಅದು ಗೊತ್ತೇ ಆಗದೆ ದಾಟಿಹೋಗುತ್ತದೆ. ಕುರಿಮಂದೆಗಳನ್ನು ದಿನವೂ ಕಾಣುವ ಜಗಳೂರಿನವರಿಗೆ ಈ ಕೀರ್ತನೆಯ ಹುಲ್ಲು, ನೀರು, ಕೋಲುಗಳನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಎಲ್ಲ ಕಡೆಯೂ ಒಂದೇ ಕ್ರಮ ನಡೆಯದು. ಹೊನ್ನಾಳಿಯಿಂದ ಕೆಳಗೆ ಅದೇ ತುಂಗಭದ್ರೆಯ ದಂಡೆಯ ಹರಿಹರದಲ್ಲಿ, ಆರೋಗ್ಯಮಾತೆಯ ಬಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಜನಸಾಗರವೇ ಸೇರುತ್ತದೆ. ಅಲ್ಲಿ ಪಲ್ಲವಿ ಚಿಕ್ಕದಾಗಿ, ಒಮ್ಮೆ ಕೇಳಿದರೆ ಬಾಯಿಗೆ ಬರುವಂತಿರಬೇಕು. ಪಲ್ಲವಿಯೇ ಇಲ್ಲದ ದೀರ್ಘ ರಚನೆಗೆ ಪರಮಪ್ರಸಾದದ ನಂತರದ ಮೌನ ಅಥವಾ ಸಂಜೆಯ ಪ್ರಾರ್ಥನೆ ತಕ್ಕ ಹೊತ್ತು. ಎಲ್ಲಕ್ಕಿಂತ ಮೊದಲು ಮೈಕಿನ ಎಕೋ ತಗ್ಗಿಸಬೇಕು. ಗಾಯಕರು ಎಷ್ಟೇ ಚೆನ್ನಾಗಿ ಹಾಡಿದರೂ ಹಿಂದಿನ ಬೆಂಚಿನವರಿಗೆ ಸಾಹಿತ್ಯ ಕೇಳಿಸದಿದ್ದರೆ ಅವರು ಪಲ್ಲವಿ ಎತ್ತಿಕೊಳ್ಳುವುದಾದರೂ ಹೇಗೆ?